ನಲವತ್ತೊಂದು ಜೊತೆ ಪಾದ

ಮಾರ್ಚ್ 4

ನಿನಗೊಂದು ಪತ್ರ ನಿನ್ನೆ ಬರೆದು ನಿಲ್ಲಿಸಿದ್ದೆ. ಅಷ್ಟರಲ್ಲಿ ಟೀಚರಮ್ಮ ಬಂದರು. ಅವರು ಹೋದ ಮೇಲೆ ಓದಿ ನೋಡಿದರೆ ಒಂದು ವಾಕ್ಯವೂ ನೆಟ್ಟಗಿರಲಿಲ್ಲ, ಹರಿದು ಹಾಕಿದೆ. ಈಗ ಮತ್ತೆ ಮೊದಲಿಂದ.

ಸ್ಕ್ರೂ, ನಿಮ್ಮಪ್ಪ ಇಟ್ಟ ಅಡ್ಡಹೆಸರಿನಲ್ಲೇ ಕರೆಯುತ್ತೇನೆ, ಬೇರೆ ಹೆಸರು ಹಾಕಿದರೆ ಯಾರಿಗೋ ಬರೆದ ಹಾಗಾಗುತ್ತದೆ. ಇಂಥ ಪತ್ರವನ್ನು ‘ಐ ರಿಗ್ರೆಟ್ ಟು ಇನ್‌ಫಾರ್ಮ್ ಯು’ ಅಂತ ಶುರು ಮಾಡಬೇಕು ಎಂದು ಕಾಲೇಜಿನ ಇಂಗ್ಲಿಷ್ ಲೆಕ್ಚರರ್ ಹೇಳಿಕೊಟ್ಟಿದ್ದರು. ಅದರ ಮುಂದೆ ಏನು ಬರೆಯಬೇಕು ಅನ್ನುವ ಪಾಠ ಬರುವಷ್ಟರಲ್ಲಿ ನಾನು ಕಾಲೇಜು ಬಿಟ್ಟು ನಿಮ್ಮಪ್ಪನ ಅಂಗಡಿಯಲ್ಲಿ ಬೂಟು ಹೊಲಿಯಲು ಕೂತಿದ್ದೆ.

ನಿಮ್ಮಕ್ಕ ಕಳೆದ ಅಕ್ಟೋಬರ್ ಹತ್ತೊಂಬತ್ತನೇ ತಾರೀಕು ತೀರಿಕೊಂಡಳು. ಬೆಳಗ್ಗೆ ಹತ್ತೂವರೆಗೆ. ಹೊಟ್ಟೆಯಲ್ಲಿ ಗೆಡ್ಡೆ. ಏಪ್ರಿಲಿನಲ್ಲೇ ಗೊತ್ತಾಗಿತ್ತು. ಅವಳ ಉಸಿರು ಹೋದಾಗ ನಾನು ಕೆಳಗೆ ಅಂಗಡಿಯ ಶಟರ್ ಎತ್ತುತ್ತಿದ್ದೆ, ಅದು ಅರ್ಧಕ್ಕೆ ಸಿಕ್ಕಿಕೊಂಡಿತ್ತು.

ನಿನಗೆ ತಿಳಿಸೋಣವೇ ಅಂತ ನಾಲ್ಕೈದು ಸಲ ಕೇಳಿದೆ. ‘ಅವಳಿಗೆ ನಾನೇ ಬರೀತೀನಿ, ನೀವು ಮಧ್ಯೆ ಮೂಗು ತೂರಿಸಬೇಡಿ’ ಅಂದಳು. ಬರೆಯಲಿಲ್ಲ. ಆಮೇಲೆ ಬರೆಯಬೇಕಾದವನು ನಾನು. ಮೊದಲ ವಾರ ಬರೆಯಲಿಲ್ಲ. ಎರಡನೇ ವಾರ ಬರೆದರೆ ಮೊದಲ ವಾರ ಯಾಕೆ ಬರೆಯಲಿಲ್ಲ ಅಂತ ಕೇಳುತ್ತೀಯಲ್ಲ ಎಂದು ಬಿಟ್ಟೆ. ಹೀಗೇ ನಾಲ್ಕೂವರೆ ತಿಂಗಳು.

ನನಗೆ ಅಳು ಬರುತ್ತದಾ ಅಂತ ಎಲ್ಲರೂ ನೋಡುತ್ತಿದ್ದರು. ಬರಲಿಲ್ಲ. ಬಿಗಿಯಾದ ಬೂಟಿನೊಳಗೆ ಕಾಲು ಜೋಮು ಹಿಡಿಯುತ್ತದಲ್ಲ, ಬೆರಳು ಇದೆ ಅಂತ ಗೊತ್ತಿರುತ್ತದೆ, ಆಡಿಸಿದರೆ ತಿಳಿಯುವುದಿಲ್ಲ, ಹಾಗಿದ್ದೇನೆ.

ಓದಿ ನೋಡಿದೆ. ಇದನ್ನು ಕಳಿಸುವುದಿಲ್ಲ. ಚರ್ಮದ ಸುರುಳಿಯ ಅಡಿ ಇಡುತ್ತೇನೆ.


ಮಾರ್ಚ್ 5

ಸ್ಕ್ರೂ,

ಆರು ವರ್ಷದ ಮೇಲೆ ಭಾವನ ಅಕ್ಷರ ನೋಡಿ ಗಾಬರಿಯಾಗಬೇಡ. ನಿನ್ನ ವಿಳಾಸವನ್ನು ಹವಾಮಾನ ಇಲಾಖೆಯ ಆಫೀಸಿನಲ್ಲಿ ಕೇಳಿ ತಂದೆ. ಅಲ್ಲಿದ್ದ ಗುಮಾಸ್ತ, ‘ಆ ಬೆಟ್ಟಕ್ಕೆ ಫೋನ್ ಹತ್ತಲ್ಲ, ಬರೀರಿ’ ಅಂದ. ಫೋನಿದ್ದರೂ ನನ್ನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಗೆ ಬೇಕಾದ್ದು ಮಾತ್ರ ಕೇಳಿಸುತ್ತದೆ.

ವಿಷಯ ಏನೆಂದರೆ ನೀನು ಕೂಡಿಸಿಕೊಟ್ಟಿದ್ದ ಆ ಲಿನಕ್ಸ್ ಕಂಪ್ಯೂಟರ್ ಏಳುತ್ತಿಲ್ಲ. ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಗೇ ಇರುತ್ತದೆ, ಮೂರು ಸಲ ಬೀಪ್ ಅನ್ನುತ್ತದೆ, ಸುಮ್ಮನಾಗಿ ಮತ್ತೆ ಮೂರು. ಬಲಗಿವಿ ಹತ್ತಿರ ಇಟ್ಟು ಎಣಿಸಿದ್ದೇನೆ.

ಅವಸರ ಟೀಚರಮ್ಮನದು. ಎಡಗಾಲು ಗಿಡ್ಡ ಇರುವವರು, ನಿನಗೆ ನೆನಪಿರಬೇಕು. ಅವರ ಬೂಟಿನ ಅಟ್ಟೆ ಬಾಯಿಬಿಟ್ಟಿದೆ, ಮೂರು ಸಲ ಹೊಲಿದಿದ್ದೇನೆ, ಇನ್ನು ದಾರ ಹಿಡಿಯುವುದಿಲ್ಲ. ಇರುವುದು ಅದೊಂದೇ ಜೊತೆ, ಬಿಚ್ಚಿ ಅಳತೆ ತೆಗೆಯುವ ಹಾಗಿಲ್ಲ. ಅಕ್ಕ ಬರೆದ ಅವರ ಪಾದದ ನಮೂನೆ ಇರುವುದು ಕಂಪ್ಯೂಟರಿನೊಳಗೆ. ನಾನೇ ಕಾಗದದ ಮೇಲೆ ಬರೆದು ಒಂದು ಜೊತೆ ಹೊಲಿದೆ. ಅವರು ನಾಲ್ಕು ಹೆಜ್ಜೆ ಇಟ್ಟು ಕೂತುಬಿಟ್ಟರು, ಪಾಪ, ನನ್ನನ್ನೇ ಸಮಾಧಾನ ಮಾಡಿದರು. ಜೂನ್ ಒಂದಕ್ಕೆ ಶಾಲೆ ತೆರೆಯುತ್ತದೆ. ಬೂಟಿಲ್ಲದಿದ್ದರೆ ತರಗತಿಯಲ್ಲಿ ನಿಲ್ಲಲು ಆಗುವುದಿಲ್ಲ, ಕೆಲಸ ಬಿಡುತ್ತೇನೆ ಅನ್ನುತ್ತಿದ್ದಾರೆ.

ಇಲ್ಲಿ ಹೇಳಿಕೊಳ್ಳುವಂಥದ್ದು ಬೇರೇನೂ ಇಲ್ಲ.

ಭಾವ


ಮಾರ್ಚ್ 19

ಭಾವ,

ಇಲ್ಲಿಗೆ ಜೀಪು ವಾರಕ್ಕೊಮ್ಮೆ ಬರುತ್ತದೆ, ಅದಕ್ಕೇ ತಡ.

ಮೂರು ಬೀಪ್ ಎಂದರೆ ರ‍್ಯಾಮ್. ವೈರು ಕಿತ್ತು, ಪೆಟ್ಟಿಗೆಯ ಎಡಗಡೆ ತಗಡು ಬಿಚ್ಚಿ. ಮುಟ್ಟುವ ಮೊದಲು ತಗಡನ್ನು ಒಮ್ಮೆ ಬರಿಗೈಯಲ್ಲಿ ಹಿಡಿಯಿರಿ, ಮೈಯಲ್ಲಿನ ವಿದ್ಯುತ್ ಇಳಿಯಲಿ. ಒಳಗೆ ಅಡಿಪಟ್ಟಿಯಷ್ಟು ತೆಳ್ಳಗಿನ ಎರಡು ಪಟ್ಟಿಗಳು ನಿಂತಿರುತ್ತವೆ. ಎರಡೂ ತುದಿಯ ಕ್ಲಿಪ್ ಹೊರಗೆ ಒತ್ತಿದರೆ ಮೇಲೆ ಬರುತ್ತವೆ. ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಕ್ಲಿಪ್ ಟಕ್ ಅನ್ನುವವರೆಗೆ ಮತ್ತೆ ಒತ್ತಿ. ಬೂಟಿಗೆ ಮೊಳೆ ಹೊಡೆಯುವ ಹಾಗೆ ಅಲ್ಲ. ನಿಮ್ಮ ಹತ್ತಿರ ಒಳ್ಳೆ ರಬ್ಬರ್ ಇರುವುದಿಲ್ಲ ಅಂತ ಗೊತ್ತು, ನನ್ನದನ್ನು ಅರ್ಧ ಕತ್ತರಿಸಿ ಹಾಕಿದ್ದೇನೆ.

ಇದು ತಿಂಗಳುಗಟ್ಟಲೆ ಓಡಿಸದೆ ಇಟ್ಟ ಮಿಷನ್ನಿನ ರೋಗ. ಅಕ್ಕ ದಿನಾ ಅದರ ಮುಂದೆ ಕೂರುವವಳಲ್ಲವೇ? ನನ್ನ ಮೇಲಿನ ಸಿಟ್ಟಿಗೆ ಮೂಲೆಗೆ ಹಾಕಿದ್ದಾಳೆ ಅನ್ನಿ. ಅವಳಿಗೇ ಬರೆಯಲು ಏನು ಧಾಡಿ? ಕೈ ಮುರಿದಿದೆಯೇ?

ನಾನು ಹೇಳಿದ್ದು ಅಂತ ಹೇಳಬೇಡಿ, ಮಾಡಲು ಬಿಡುವುದಿಲ್ಲ.


ಮಾರ್ಚ್ 28

ಸ್ಕ್ರೂ,

ನಿನ್ನ ರಬ್ಬರ್ ಸವೆಯಿತು, ಬೀಪ್ ನಿಂತಿತು.

ಪೆಟ್ಟಿಗೆ ಬಿಚ್ಚಿದರೆ ಒಳಗೆ ಚರ್ಮದ ಪುಡಿ ಕೂತು ಕೂತು ಕಂಬಳಿಯಷ್ಟು ದಪ್ಪವಾಗಿದೆ. ಬೂಟಿನ ಬ್ರಷ್ಷಿನಿಂದ ಗುಡಿಸಿದೆ. ಒಳಗೆ ಎಲ್ಲದರ ಮೇಲೂ ಇಂಗ್ಲಿಷ್ ಬರೆದಿದೆ, ಎಲ್ಲವನ್ನೂ ಓದಿದೆ, ‘ವಾರಂಟಿ ವಾಯ್ಡ್’ ಅನ್ನುವುದೊಂದು ಅರ್ಥವಾಯಿತು. ಫ್ಯಾನಿನ ನಡುಭಾಗಕ್ಕೆ ಒಂದು ಉದ್ದ ಕೂದಲು ಸುತ್ತಿಕೊಂಡಿದೆ. ಅದನ್ನು ತೆಗೆಯಬೇಕೋ ಬಿಡಬೇಕೋ ನೀನು ಬರೆದಿರಲಿಲ್ಲ. ಬಿಟ್ಟಿದ್ದೇನೆ.

ಟಕ್ ಅನ್ನುವುದು ಕೇಳಿಸಲಿಲ್ಲ, ಬೆರಳಿಗೆ ತಿಳಿಯಿತು. ಈಗ ಪರದೆ ಬೆಳಗುತ್ತದೆ, ಆದರೆ ಹಳೆಯ ಚಿತ್ರಗಳು ಬರುತ್ತಿಲ್ಲ. ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರ ಸುರಿದು, ಕೊನೆಗೆ ‘ಎಮರ್ಜೆನ್ಸಿ ಮೋಡ್’ ಅಂತ ನಿಲ್ಲುತ್ತದೆ. ಎಮರ್ಜೆನ್ಸಿ ಅಂತ ಬರೆದಿರುವ ಜಾಗದಲ್ಲಿ ಇಷ್ಟು ಸಾವಧಾನವಾಗಿ ಕೂತದ್ದು ನಾನೊಬ್ಬನೇ ಇರಬೇಕು. ಅಕ್ಷರಕ್ಕೆ ಅಕ್ಷರ ಬೇರೆ ಹಾಳೆಯಲ್ಲಿ ಇಳಿಸಿದ್ದೇನೆ. ಅರ್ಥ ನನ್ನನ್ನು ಕೇಳಬೇಡ. ಕಾಲೇಜಿನಲ್ಲೂ ನಾನು ನೋಟ್ಸ್ ಚೆನ್ನಾಗಿ ಇಳಿಸುತ್ತಿದ್ದೆ, ಪಾಸಾದವರು ಅದನ್ನು ಓದಿದವರು.

ಟೀಚರಮ್ಮ ಬಂದಿದ್ದರು. ‘ಏಳ್ತಾ ನಿಮ್ಮ ಮಿಷನ್ನು?’

‘ಕಣ್ಣು ಬಿಟ್ಟಿದೆ, ಮಾತಾಡ್ತಿಲ್ಲ.’

‘ನಮ್ಮ ಕ್ಲಾಸಲ್ಲಿ ಅರ್ಧ ಮಕ್ಕಳು ಹಾಗೇ’ ಅಂದರು.

ಅಕ್ಕನನ್ನು ಕೇಳಿ ಮುಟ್ಟಬೇಕಿತ್ತೇನೋ. ಅವಳು ಬೇಡ ಅನ್ನಲಿಲ್ಲ.


ಏಪ್ರಿಲ್ 9

ಭಾವ,

ಬೇಡ ಅನ್ನಲಿಲ್ಲವೇ? ಆ ಸಾಲನ್ನು ನಾಲ್ಕು ಸಲ ಓದಿದೆ. ಅವತ್ತು ‘ಇನ್ನು ನನ್ನ ಕಂಪ್ಯೂಟರ್ ಮುಟ್ಟಿದರೆ ಕೈ ಮುರೀತೀನಿ’ ಅಂದಿದ್ದವಳು.

ಕೂದಲು ತೆಗೆಯಿರಿ, ಫ್ಯಾನ್ ನಿಂತರೆ ಒಳಗಿನದು ಸುಟ್ಟುಹೋಗುತ್ತದೆ. ಅಕ್ಕನಿಗೆ ತಲೆಗೂದಲು ಕಟ್ಟಿಕೊಂಡು ಕೂರಲು ಹೇಳಿ.

ನೀವು ಇಳಿಸಿದ್ದು ಸರಿಯಾಗಿದೆ, ಒಂದು ಚುಕ್ಕೆಯೂ ತಪ್ಪಿಲ್ಲ. ರ‍್ಯಾಮ್ ಕೈಕೊಟ್ಟಾಗ ಡಿಸ್ಕಿನ ಲೆಕ್ಕ ಅಸ್ತವ್ಯಸ್ತವಾಗಿದೆ, ಅಷ್ಟೆ. ಡಿಸ್ಕ್ ಸತ್ತಿಲ್ಲ. ಜೊತೆಗಿರುವ ಹಾಳೆಯಲ್ಲಿ ಐದು ಸಾಲು ಬರೆದಿದ್ದೇನೆ. ಖಾಲಿ ಜಾಗ ಬಿಡಬೇಕಾದಲ್ಲಿ ಚೌಕ ಹಾಕಿದ್ದೇನೆ. ಒಂದೊಂದೇ ಸಾಲು ಒತ್ತಿ ಎಂಟರ್ ಹೊಡೆಯಿರಿ. ಮೊದಲ ಮೂರು ಬರೀ ನೋಡುತ್ತವೆ, ಏನನ್ನೂ ಬದಲಿಸುವುದಿಲ್ಲ. ಮೂರನೆಯ ಸಾಲಿಗೆ ಉದ್ದನೆಯ ಪಟ್ಟಿ ಬರುತ್ತದೆ: ಮಿಷನ್ ಯಾವ ದಿನ ಹತ್ತಿತು, ಯಾರು ಕೂತರು, ಎಷ್ಟು ಹೊತ್ತು, ಸರಿಯಾಗಿ ಆರಿಸಿದರೋ ಕರೆಂಟ್ ಹೋಗಿ ಆರಿತೋ. ಅದನ್ನು ಪೂರ್ತಿ ಇಳಿಸಿ ಕಳಿಸಿ, ಡಿಸ್ಕ್ ಯಾವಾಗಿಂದ ಕೆಟ್ಟಿದೆ ಅಂತ ನೋಡಬೇಕು. ನಾಲ್ಕು, ಐದನೆಯವು ಸರಿಪಡಿಸುತ್ತವೆ. ಅವನ್ನು ಅಕ್ಕನನ್ನು ಕೇಳಿಯೇ ಒತ್ತಿ. ಆಮೇಲೆ ಪಾಸ್‌ವರ್ಡ್ ಕೇಳುತ್ತದೆ, ಅದು ಅವಳಿಗೆ ಗೊತ್ತು.

ಆರು ವರ್ಷದ ಹಿಂದೆ ನಾನು ಯಾರನ್ನೂ ಕೇಳದೆ ಹಳೆ ಡಿಸ್ಕ್ ಒರೆಸಿ ಹೊಸ ಸಿಸ್ಟಮ್ ಹಾಕಿದೆ. ಹನ್ನೊಂದು ಜನರ ಪಾದ ಹೋಯಿತು. ಅವಳು ಒಂದು ತಿಂಗಳು ಮಾತಿಲ್ಲದೆ ಕೂತು ಹನ್ನೊಂದನ್ನೂ ಮತ್ತೆ ಬರೆದಳು. ನಾನು ಅವಳ ಬೆನ್ನ ಹಿಂದೆ ನಿಂತು ‘ಕಾಪಿ ಇಡು ಅಂತ ಬಡ್ಕೊಂಡೆನಲ್ಲ’ ಅನ್ನುತ್ತಲೇ ಇದ್ದೆ.

ಇದನ್ನು ಅವಳಿಗೆ ಓದಿ ಹೇಳಿ ಭಾವ: ಒರೆಸಿದ್ದು ನನ್ನ ತಪ್ಪು. ಆದರೂ ಕಾಪಿ ಇಡಬೇಕಿತ್ತು.

ಎರಡನೇ ವಾಕ್ಯ ಬೇಡ ಅನ್ನಿಸಿದರೆ ಮೊದಲನೆಯದನ್ನು ಮಾತ್ರ ಓದಿ.


ಏಪ್ರಿಲ್ 17

ಸ್ಕ್ರೂ,

ಎರಡನ್ನೂ ಓದಿದೆ. ಅವಳ ಕೋಣೆಯಲ್ಲಿ ನಿಂತು, ಗಟ್ಟಿಯಾಗಿ. ಅವಳು ಏನೂ ಅನ್ನಲಿಲ್ಲ.

ಐದು ಸಾಲನ್ನೂ ಒತ್ತಿದೆ. ಚೌಕ ಅಂದರೆ ಖಾಲಿ ಅಂತ ಗೊತ್ತಿದ್ದೂ ಮೊದಲ ಸಲ ಕೀಬೋರ್ಡಿನಲ್ಲಿ ಚೌಕ ಹುಡುಕಿದೆ. ಮೂರನೆಯ ಸಾಲಿನ ಪಟ್ಟಿ ಇಳಿಸಲು ಎರಡು ದಿನ ಹಿಡಿಯಿತು, ಮೂರು ಹಾಳೆ ತುಂಬಿವೆ, ಲಗತ್ತಿಸಿದ್ದೇನೆ. ತಿಂಗಳಿನ ಹೆಸರು ಮೂರಕ್ಷರಕ್ಕೆ ಕತ್ತರಿಸಿದ್ದಾರೆ, ಪಕ್ಕದಲ್ಲಿ ಗಂಟೆ, ಕಂಸದಲ್ಲಿ ಇನ್ನೊಂದು ಅಂಕಿ. ನಾನು ಓದಲು ಹೋಗಲಿಲ್ಲ, ಹೊಲಿಗೆ ಎಣಿಸುವ ಹಾಗೆ ಒಂದೊಂದೇ ಇಳಿಸಿದೆ.

ನಾಲ್ಕು, ಐದು ಆದ ಮೇಲೆ ಅದು ತಾನಾಗಿ ಆರಿ ಹತ್ತಿತು. ಈಗ ನೀಲಿ ಪರದೆ ಬಂದಿದೆ. ಅದರಲ್ಲಿ ಎರಡು ಹೆಸರಿವೆ, ಒಂದು ಅವಳದು, ಕೆಳಗೆ ನಿನ್ನದು. ಅವಳ ಹೆಸರು ಒತ್ತಿದರೆ ಪಾಸ್‌ವರ್ಡ್ ಕೇಳುತ್ತದೆ. ಅದು ಅವಳಿಂದ ಸಿಗಲಿಲ್ಲ. ಅಂಗಡಿಯ ಡೈರಿಯಲ್ಲೂ ಇಲ್ಲ. ಬೇರೆ ದಾರಿ ಇದ್ದರೆ ಬರಿ.

ಕೂದಲು ತೆಗೆದೆ. ಡೈರಿಯೊಳಗೆ ಇದೆ.


ಮೇ 2

ಸ್ಕ್ರೂ,

ಎರಡು ವಾರವಾಯಿತು. ಜೀಪು ಕೆಟ್ಟಿರಬೇಕು ಅಂದುಕೊಂಡಿದ್ದೇನೆ.

ಟೀಚರಮ್ಮ ನಿನ್ನೆ ಬಂದು ಮೆಟ್ಟಿಲಿನ ಮೇಲೆ ಕೂತರು, ಒಳಗೆ ಬರಲಿಲ್ಲ. ಅಟ್ಟೆಗೆ ದಾರ ಸುತ್ತಿ ಕಟ್ಟಿಕೊಂಡು ಬಂದಿದ್ದರು. ‘ಅರ್ಜಿ ಬರೆದಿಟ್ಟಿದ್ದೀನಿ, ಇಪ್ಪತ್ತೈದನೇ ತಾರೀಕು ಕೊಟ್ಟುಬಿಡ್ತೀನಿ’ ಅಂದರು. ‘ನಿಮ್ಮ ನಾದಿನಿಗೆ ಎಲ್ಲಾ ಹೇಳಿದ್ದೀರ ತಾನೆ?’

‘ಎಲ್ಲಾನೂ ಬರೆದಿದ್ದೀನಿ, ಬೀಪು ಸಮೇತ’ ಅಂದೆ. ಅವರು ನನ್ನ ಮುಖ ನೋಡಿದರು. ಅಂತಿಮ ದರ್ಶನಕ್ಕೆ ಅವರೂ ಬಂ

ಮೇಲಿನ ಸಾಲು ಹೊಡೆದುಹಾಕಿದ್ದೇನೆ, ಓದಬೇಡ. ಪಾಸ್‌ವರ್ಡ್ ವಿಷಯ ಬೇಗ ಬರಿ.


ಮೇ 6

ಭಾವ,

ನಿಮ್ಮ ಎರಡನೇ ತಾರೀಕಿನ ಪತ್ರ ಇವತ್ತು ಬಂತು. ಹೊಡೆದುಹಾಕಿದ ಸಾಲು ಓದಿದೆ. ಅದು ಬರುವ ಮೊದಲೇ ನನಗೆ ಗೊತ್ತಿತ್ತು. ಜೀಪು ಕೆಟ್ಟಿರಲಿಲ್ಲ.

ನೀವು ಇಳಿಸಿ ಕಳಿಸಿದ ಮೂರು ಹಾಳೆಯಲ್ಲಿ ಕಂಸದೊಳಗಿನ ಅಂಕಿ ಇದೆಯಲ್ಲ, ಅದು ಕೂತ ಹೊತ್ತು. ಹೋದ ವರ್ಷ ಮಾರ್ಚ್ ತಿಂಗಳು ಪೂರ್ತಿ ದಿನಾ ಬೆಳಗ್ಗೆ ಆರೂ ನಲವತ್ತಕ್ಕೆ ಹತ್ತಿಸಿದ್ದಾಳೆ, ಎಂಟು ಗಂಟೆ, ಒಂಬತ್ತು ಗಂಟೆ. ಜೂನ್‌ನಲ್ಲಿ ನಾಲ್ಕು. ಆಗಸ್ಟಿನಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ, ಅದೂ ದಿನ ಬಿಟ್ಟು ದಿನ. ಸೆಪ್ಟೆಂಬರಿನಲ್ಲಿ ನಲವತ್ತು ನಿಮಿಷ, ಇಪ್ಪತ್ತು, ಹನ್ನೊಂದು. ಅಕ್ಟೋಬರ್ ಎರಡಕ್ಕೆ ನಾಲ್ಕು ನಿಮಿಷ. ಆಮೇಲೆ ನೀವು ರಬ್ಬರ್ ಉಜ್ಜಿದ ದಿನದವರೆಗೆ ಒಂದು ಸಾಲೂ ಇಲ್ಲ. ಜ್ವರವಿದ್ದರೂ ಆ ಮಿಷನ್ ಹತ್ತಿಸುತ್ತಿದ್ದವಳು ಅಕ್ಕ.

ಇಲ್ಲಿ ಮಳೆಮಾಪಕದ ಅಂಕಿ ಓದುವುದು ನನ್ನ ಕೆಲಸ. ಅಂಕಿ ಇಳಿಯುತ್ತಾ ಹೋದರೆ ಮುಂದೇನು ಅಂತ ಹೇಳಲು ಬರುತ್ತದೆ. ಯಾವಾಗ ಅಂತ ಹೇಳಲು ಮಾತ್ರ ಬರುವುದಿಲ್ಲ. ತಾರೀಕು ಬರೆಯಿರಿ.

ಖಾಲಿ ಕೋಣೆಗೆ ಓದಿದಿರಾ ಭಾವ? ಎರಡನೇ ವಾಕ್ಯವನ್ನೂ?

ನಿಮಗೆ ಬೈದು ನಾಲ್ಕು ಪುಟ ಬರೆದಿದ್ದೆ, ಕಳಿಸುತ್ತಿಲ್ಲ.

ಕೆಲಸದ ವಿಷಯ. ಅಕ್ಟೋಬರ್ ಎರಡರ ಆ ನಾಲ್ಕು ನಿಮಿಷ ಅಕ್ಕನ ಹೆಸರಿನಲ್ಲಿ ಇಲ್ಲ, ನನ್ನ ಹೆಸರಿನಲ್ಲಿದೆ. ನಾನು ಆ ಮನೆ ಬಿಟ್ಟು ಐದೂವರೆ ವರ್ಷವಾಗಿತ್ತು. ನನ್ನ ಹೆಸರನ್ನು ಮಿಷನ್ನಿನಿಂದ ಅವತ್ತೇ ಕಿತ್ತುಹಾಕಿರುತ್ತಾಳೆ ಅಂದುಕೊಂಡಿದ್ದೆ. ಕಿತ್ತಿಲ್ಲ. ನನ್ನ ಪಾಸ್‌ವರ್ಡ್ ಅವಳಿಗೂ ಗೊತ್ತಿತ್ತು: ನಮ್ಮಮ್ಮನ ಎರಡು ಕಾಲಿನ ಅಳತೆ, ಮಿಲಿಮೀಟರಿನಲ್ಲಿ, ಗಿಡ್ಡ ಕಾಲು ಮೊದಲು. ಅವಳಿಗೂ ಒಂದು ಕಾಲು ಗಿಡ್ಡವಿತ್ತಲ್ಲ. ನಿಮಗೂ ಬಾಯಿಪಾಠ ಇರಬೇಕು. ನೀವು ಕೆಳಗಿನ ಹೆಸರು ಒತ್ತಿ.

ನಮೂನೆ ಸಿಕ್ಕರೆ ಪ್ರಿಂಟ್ ಕೊಡುವಾಗ ‘ಫಿಟ್ ಟು ಪೇಜ್’ ಅನ್ನುವುದರ ಮುಂದಿನ ಗುರುತು ತೆಗೆಯಿರಿ. ತೆಗೆಯದಿದ್ದರೆ ನೂರಕ್ಕೆ ಮೂರು ಪಾಲು ಕುಗ್ಗುತ್ತದೆ, ಟೀಚರಮ್ಮನ ಬೆರಳು ಮುರಿಯುತ್ತದೆ. ಕತ್ತರಿಸುವ ಮೊದಲು ಅಡಿಪಟ್ಟಿ ಇಟ್ಟು ನೋಡಿ.

ಸಿಗದಿದ್ದರೆ ಇನ್ನು ನನ್ನ ಹತ್ತಿರ ಬೇರೆ ದಾರಿ ಇಲ್ಲ.


ಮೇ 19

ಸ್ಕ್ರೂ,

ಅಕ್ಟೋಬರ್ ಹತ್ತೊಂಬತ್ತು, ಬೆಳಗ್ಗೆ ಹತ್ತೂವರೆ. ಉಳಿದದ್ದೆಲ್ಲ ಮಾರ್ಚ್ ನಾಲ್ಕರ ಪುಟದಲ್ಲಿದೆ. ಅದನ್ನು ಇದರ ಜೊತೆ ಇಟ್ಟಿದ್ದೇನೆ, ಚರ್ಮದ ವಾಸನೆ ಹತ್ತಿದೆ. ಬೈದ ನಾಲ್ಕು ಪುಟವನ್ನು ನೀನೂ ಕಳಿಸು. ನನಗೆ ಬರಬೇಕಾದ್ದು ಅದು.

ಅಮ್ಮನ ಅಳತೆ ಬಾಯಿಪಾಠವೇ. ಅಂಗಡಿಗೆ ಸೇರಿದ ಹೊಸತರಲ್ಲಿ ನಿಮ್ಮಪ್ಪ ನನಗೆ ಮೊದಲು ಹೊಲಿಯಲು ಕೊಟ್ಟದ್ದೇ ಆ ಜೊತೆ. ಒಂದೇ ಬೆರಳಿನಲ್ಲಿ ಆರು ಅಂಕಿ ಒತ್ತಿದೆ, ಪರದೆ ತೆರೆಯಿತು. ಮಧ್ಯದಲ್ಲಿ ಒಂದೇ ಒಂದು ಹಳದಿ ಕಡತ. ಒಳಗೆ ಪಾದಗಳು. ಎಣಿಸಿದೆ, ನಲವತ್ತೊಂದು ಜೊತೆ. ಎಲ್ಲದರ ಪಕ್ಕದಲ್ಲೂ ಅದೇ ತಾರೀಕು, ಅಕ್ಟೋಬರ್ ಎರಡು.

ಆ ನಾಲ್ಕು ನಿಮಿಷ ನಾನು ಪಕ್ಕದಲ್ಲೇ ಇದ್ದೆ. ಹಾಸಿಗೆಯಿಂದ ಎತ್ತಿ ತಂದು ಕುರ್ಚಿಯಲ್ಲಿ ಕೂರಿಸಿ ಬೀಳದ ಹಾಗೆ ಹಿಂದಿನಿಂದ ಹಿಡಿದಿದ್ದೆ. ತೂಕವೇ ಇರಲಿಲ್ಲ. ಪರದೆ ನೋಡಿದರೂ ಅವಳು ಏನು ಮಾಡುತ್ತಿದ್ದಾಳೆ ಅಂತ ನನಗೆ ತಿಳಿಯಲಿಲ್ಲ.

‘ಇಷ್ಟು ಕಷ್ಟಪಟ್ಟು ಏನೇ ಅದು?’ ಅಂದೆ.

‘ಅವಳು ಬಡ್ಕೊಂಡಿದ್ದಳಲ್ಲ, ಅದೇ. ಕಾಪಿ.’

‘ಯಾರಿಗೆ?’

‘ಅವಳಿಗೇ ಇಡ್ತಿದ್ದೀನಿ. ನೀವು ಹೇಳಬೇಡಿ, ಮೆರೀತಾಳೆ.’

ಹೇಳಬೇಡಿ ಅಂದಳು, ನಾನು ಹೇಳಲಿಲ್ಲ. ಯಾವುದನ್ನು ಹೇಳಬಾರದು ಅಂದಿದ್ದಳೋ ಆಮೇಲೆ ನನಗೆ ಕಲಸಿಹೋಯಿತು, ಎಲ್ಲವನ್ನೂ ಸೇರಿಸಿ ಕಟ್ಟಿಟ್ಟುಬಿಟ್ಟೆ. ಇದು ನೆವ ಅಲ್ಲ, ನಡೆದದ್ದು ಬರೆಯುತ್ತಿದ್ದೇನೆ.

ಫಿಟ್ ಟು ಪೇಜ್ ಗುರುತು ತೆಗೆದೆ. ಅಡಿಪಟ್ಟಿ ಇಟ್ಟು ಎರಡು ಸಲ ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಚರ್ಮ ಕೊಯ್ಯಲು ಒಂದು ದಿನ, ಹೊಲಿಯಲು ಮೂರು ದಿನ. ಇವತ್ತು ಮಧ್ಯಾಹ್ನ ಟೀಚರಮ್ಮ ಬಂದು ಹಾಕಿಕೊಂಡರು. ಬಾಗಿಲವರೆಗೆ ಹೋದರು, ತಿರುಗಿದರು, ಮತ್ತೆ ಹೋದರು. ಮೆಟ್ಟಿಲಿಳಿದು ಬೀದಿಯ ಕೊನೆಯವರೆಗೆ ನಡೆದು ವಾಪಸ್ ಬಂದರು. ನಾನು ಎದ್ದು ನೋಡಲಿಲ್ಲ, ಹೆಜ್ಜೆಯ ಸದ್ದು ಬಲಗಿವಿಗೆ ಸಾಕು, ಎರಡೂ ಒಂದೇ ಸಮ ಬೀಳುತ್ತಿದ್ದವು.

‘ಇದು ನಿಮ್ಮ ಕೆಲಸ ಅಲ್ಲ’ ಅಂದರು.

‘ಹೊಲಿಗೆ ನನ್ನದು’ ಅಂದೆ.

‘ಅದೇ, ಹೊಲಿಗೆ ಸ್ವಲ್ಪ ಸೊಟ್ಟಗಿದೆ.’ ಬ್ಯಾಗಿನಿಂದ ಅರ್ಜಿ ತೆಗೆದು ನನ್ನ ಮುಂದೆಯೇ ನಾಲ್ಕು ಚೂರು ಮಾಡಿ, ಚರ್ಮದ ಚೂರಿನ ಬುಟ್ಟಿಗೆ ಹಾಕಿ ಹೋದರು.

ಅವರು ಹೋದ ಮೇಲೆ ಕಾಲು ಜೋಮು ಬಿಡುವಾಗ ಚುಚ್ಚುತ್ತದಲ್ಲ, ಹಾಗೆ ಒಂದೆರಡು ಸಲ ಆಯಿತು. ಅಷ್ಟೇ. ಅದಕ್ಕಿಂತ ಹೆಚ್ಚು ಬರೆದರೆ ಸುಳ್ಳಾಗುತ್ತದೆ.

ಇನ್ನು ನಲವತ್ತು ಜನರಿದ್ದಾರೆ. ಒಬ್ಬೊಬ್ಬರದೇ ಅಟ್ಟೆ ಬಾಯಿಬಿಡುತ್ತದೆ, ಬರುತ್ತಾರೆ. ನಮೂನೆ ನಿನ್ನ ಹೆಸರಿನಲ್ಲಿದೆ, ನಿನ್ನನ್ನು ಕೇಳದೆ ನಾನು ಮುಟ್ಟುವುದಿಲ್ಲ. ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಮೇಲಿನ ಕೋಣೆಯ ಕಿಟಕಿಗೆ ಚಿಲಕ ಹಾಕಿಸಿದ್ದೇನೆ, ಆರು ವರ್ಷದ ಹಿಂದೆ ನೀನು ಕೇಳಿದ್ದೆಯಲ್ಲ, ಆ ಚಿಲಕ.

ಮಿಷನ್ ಬೆಳಗ್ಗೆ ಆರೂ ನಲವತ್ತಕ್ಕೆ ನಿನ್ನ ಹೆಸರಿನಲ್ಲಿ ಹತ್ತಿಸಿದ್ದು ಇನ್ನೂ ಆರಿಸಿಲ್ಲ. ನನಗೆ ಅದರಿಂದ ಈಗ ಕೆಲಸವೇನೂ ಇಲ್ಲ. ಆ ಪಟ್ಟಿಯಲ್ಲಿ ನಿನ್ನ ಹೆಸರಿನ ಕೊನೆಯ ಸಾಲು ನಾಲ್ಕು ನಿಮಿಷಕ್ಕೇ ನಿಲ್ಲುವುದು ಬೇಡ ಅನ್ನಿಸಿತು. ಇವತ್ತು ಹತ್ತಿಸಿ ಹನ್ನೆರಡು ಗಂಟೆ ಆಗುತ್ತಾ ಬಂತು, ನಾಳೆ ಮೂರನೆಯ ಸಾಲು ಒತ್ತಿ ಇಳಿಸಿ

ಅಕ್ಷರ ಒಂದರ ಮೇಲೊಂದು ಹತ್ತುತ್ತಿವೆ. ಕನ್ನಡಕದ ದೋಷ ಅಂದುಕೊಂಡೆ, ಅಲ್ಲ. ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ.